ಎರಡಕ್ಕ

ಅಕ್ಟೋಬರ್ 9, ಸೋಮವಾರ

ಗಣಿತದ ಮೇಷ್ಟ್ರ ಜೊತೆ ಜಗಳವಾಡಿ ನಾನು ಹೈಸ್ಕೂಲು ಬಿಟ್ಟೆ ಎಂದು ಊರೆಲ್ಲ ನಂಬಿದೆ. ಹಾಗೆಂದು ನಾನು ಯಾರಿಗೂ ಹೇಳಿಲ್ಲ. ಅವರಾಗಿಯೇ ಅಂದುಕೊಂಡರು, ನಾನು ತಿದ್ದಲಿಲ್ಲ. ಜಗಳವಾಡಿ ಬಿಟ್ಟವಳಿಗೆ ಒಂದು ಗತ್ತು ಇರುತ್ತದೆ. ನಿಜವೇನೆಂದರೆ ಮೇಷ್ಟ್ರು ಪಾಪದವರು, ನನಗೇ ಏನೂ ಅರ್ಥವಾಗುತ್ತಿರಲಿಲ್ಲ. ಮನೆಯಲ್ಲೇ ಕೂತು ಫೋನಿನಲ್ಲಿ ಪಾಠ ಕೇಳಬೇಕಾಗಿದ್ದ ವರ್ಷ, "ಅರ್ಥ ಆದವರು ಒಂದು ಒತ್ತಿ" ಎಂದಾಗಲೆಲ್ಲ ನಾನು ಒಂದು ಒತ್ತಿದೆ. ಹಂದಿಗೆ ಮುಸುರೆ ಸುರಿಯುತ್ತ ಒತ್ತಿದೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ ಒತ್ತಿದೆ. ಮತ್ತೆ ತರಗತಿಗೆ ಹೋದಾಗ ಮೇಷ್ಟ್ರು ನನ್ನನ್ನು ಬೋರ್ಡಿಗೆ ಕರೆದರು. "ಇದೆಲ್ಲ ನಿಂಗೆ ಬರುತ್ತಲ್ಲ, ವರ್ಷವಿಡೀ ಒಂದು ಒತ್ತಿದೀಯಾ" ಎಂದು ಪ್ರೀತಿಯಿಂದಲೇ ಅಂದರು. ಅಂದಿನಿಂದ ಗಣಿತದ ಪೀರಿಯಡ್ಡಿನಲ್ಲಿ ನಾನು ಶೌಚಾಲಯದ ಹಿಂದೆ ನಿಲ್ಲುತ್ತಿದ್ದೆ. ಒಂದು ದಿನ ಅಲ್ಲಿಂದ ನೇರವಾಗಿ ಬಸ್ ನಿಲ್ದಾಣಕ್ಕೆ ಹೋದೆ.

ಅಷ್ಟೇ. ಬರೆದದ್ದಾಯಿತು. ಮನಸ್ಸು ಹಗುರವೇನೂ ಆಗಲಿಲ್ಲ.

ಅಲ್ಲಿಂದಾಚೆಗೆ ನಾನು ಸುಳ್ಳು ಹೇಳಿಲ್ಲ. ಅದರಿಂದ ಎರಡು ಕೆಲಸ ಹೋದವು. ನೂಡಲ್ಸ್ ಅಂಗಡಿಯಲ್ಲಿ ಗಿರಾಕಿಯೊಬ್ಬ "ಸೂಪು ಇವತ್ತಿಂದಾ?" ಎಂದು ಕೇಳಿದ. ನಾನು "ಮೊನ್ನೇದು" ಎಂದೆ. ಇನ್ನೊಂದರ ಕಥೆಯೂ ಹೆಚ್ಚು ಕಡಿಮೆ ಹಾಗೇ.

ಈಗ ಹ್ವಾಂಗ್‌ನಿ ಎಂಬ ಬೆಟ್ಟದೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಚಿಕ್ಕಮ್ಮ ಇಲ್ಲಿನ ಶಾಲೆಯಲ್ಲಿ ಭಾಷೆಯ ಟೀಚರು. ಗಣಿತಕ್ಕೆ ಇಲ್ಲಿ ಟೀಚರೇ ಇಲ್ಲ. ನಮ್ಮ ಪ್ರಾಂತ್ಯದ ರಾಜಧಾನಿ ಗ್ವೇಯಾಂಗಿನಿಂದ ಒಬ್ಬರು ಪರದೆಯ ಮೇಲೆ ಬರುತ್ತಾರೆ, ಒಂದೇ ಹೊತ್ತಿಗೆ ನಲವತ್ತು ಬೆಟ್ಟದೂರಿನ ಶಾಲೆಗಳಿಗೆ ಪಾಠ ಮಾಡುತ್ತಾರೆ. ಇಲ್ಲಿ ಪರದೆ ಹಚ್ಚುವುದಕ್ಕೆ, ನಿದ್ದೆ ಹೋದವರನ್ನು ಎಬ್ಬಿಸುವುದಕ್ಕೆ ಒಬ್ಬ ಸಹಾಯಕಿ ಬೇಕು. ಇದ್ದವಳು ಹೆರಿಗೆಗೆ ಹೋಗಿದ್ದಾಳೆ. ಚಿಕ್ಕಮ್ಮ ಫಾರಂ ತುಂಬಬೇಕೆಂದು ನನ್ನ ಗುರುತಿನ ಚೀಟಿ ಇಸಿದುಕೊಂಡಳು. ಇವತ್ತು ವಾಪಸು ಕೇಳಿದೆ.

"ಕೊಡಲ್ಲ."

"ಯಾಕೆ?"

"ಕೊಟ್ಟರೆ ಫ್ಯಾಕ್ಟರಿ ಕೆಲಸಕ್ಕೆ ಅಂತ ನಾಳೆ ದೊಂಗ್‌ಗ್ವಾನಿನ ರೈಲು ಹತ್ತುತ್ತೀಯ. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ ನಂಗೆ?"

ಸುಳ್ಳು ಹೇಳುವಂತಿಲ್ಲ. "ನಾಳೆ ಅಲ್ಲ, ನಾಳಿದ್ದು" ಎಂದೆ.

ಒಪ್ಪಂದ ಹೀಗಾಯಿತು: ಟರ್ಮು ಮುಗಿಯುವವರೆಗೆ ತರಗತಿಯ 'ಅರ್ಥವಾದ ಪ್ರಮಾಣ', ಅಂದರೆ ಒತ್ತಿದವರಲ್ಲಿ ನೂರಕ್ಕೆ ಎಷ್ಟು ಜನ ಒಂದು ಒತ್ತಿದರು ಎಂಬ ಲೆಕ್ಕ, ತೊಂಬತ್ತರ ಕೆಳಗೆ ಇಳಿಯಬಾರದು. ಆಮೇಲೆ ಚೀಟಿ ನನ್ನದು, ದಾರಿ ನನ್ನದು. ಚೀಟಿ ಇಲ್ಲದೆ ರೈಲಿನ ಟಿಕೆಟ್ಟು ಸಿಗುವುದಿಲ್ಲ. ನನಗಿಂತ ನನ್ನ ಚೀಟಿಗೇ ಬೆಲೆ ಹೆಚ್ಚು.

ಅಕ್ಟೋಬರ್ 10, ಮಂಗಳವಾರ

ಎಂಟನೇ ತರಗತಿ, ಹದಿನಾಲ್ಕು ಮಕ್ಕಳು, ಹದಿನಾಲ್ಕು ಹಳೇ ಟ್ಯಾಬು. ಹದಿನೈದನೆಯದು ನನ್ನದು, ಅದೂ ಲೆಕ್ಕಕ್ಕೆ ಸೇರುತ್ತದೆ.

ಪರದೆಯ ಥಾವೋ ಟೀಚರ್ ಚೆಂದ ಇದ್ದಾರೆ, ಮಾತು ಮಳೆನೀರು ಇಳಿದ ಹಾಗೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, "ಅರ್ಥ ಆದವರು ಒಂದು, ಆಗದವರು ಎರಡು" ಎನ್ನುತ್ತಾರೆ. ಪರದೆಯ ಬದಿಯಲ್ಲಿ ಒಂದುಗಳು ಇರುವೆ ಸಾಲಿನ ಹಾಗೆ ಏರುತ್ತವೆ. ಹಿಂದಿನ ಬೆಂಚಿನ ಲುಂಗ್ ಖೈ ನಿದ್ದೆಯಲ್ಲಿದ್ದ. ಅವನ ಟ್ಯಾಬಿನಿಂದಲೂ ಒಂದು ಹೋಯಿತು. ಅವನ ಹೆಬ್ಬೆರಳು ಮಾತ್ರ ಎಚ್ಚರವಿತ್ತು.

ಪ್ರಮಾಣ ನೂರಕ್ಕೆ ನೂರು. ಇಷ್ಟು ಸುಲಭದ ಕೆಲಸ ನಾನು ಇದುವರೆಗೆ ಕಂಡಿಲ್ಲ. ದೊಂಗ್‌ಗ್ವಾನಿನ ಕಾರ್ಖಾನೆಯಲ್ಲಿರುವ ಗೆಳತಿ ಫಾಂಗ್‌ಗೆ ಫೋನಿನಲ್ಲಿ ಹೇಳಿದೆ, ಜನವರಿಯಲ್ಲಿ ಬರುತ್ತೇನೆ, ನಿನ್ನ ಕೋಣೆಯ ಮೇಲಿನ ಮಂಚ ನನಗೇ ಇಟ್ಟಿರು ಅಂತ.

ಅಕ್ಟೋಬರ್ 11, ಬುಧವಾರ

ಸುಲಭವಲ್ಲ.

ಥಾವೋ ಟೀಚರ್ ಎರಡು ತ್ರಿಕೋನ ಬರೆದು, ಇವೆರಡೂ ಒಂದೇ ಅನ್ನುವುದಕ್ಕೆ ಮೂರು ಅಳತೆ ಸಾಕು ಎಂದರು. ಯಾವ ಮೂರು ಎಂದೂ ಹೇಳಿದರು. ನನಗೆ ಅರ್ಥವಾಗಲಿಲ್ಲ. "ಅರ್ಥ ಆದವರು ಒಂದು" ಎಂದರು. ನಾನು ಟ್ಯಾಬು ನೋಡಿದೆ. ನಿನ್ನೆ ಬೇರೆಯವರನ್ನು ನೋಡುವುದರಲ್ಲಿ ಒತ್ತುವುದೇ ಮರೆತಿತ್ತು. ಇವತ್ತು ನೆನಪಿತ್ತು. ಎರಡು ಒತ್ತಿದೆ.

ಪರದೆಯ ಮೇಲೆ ನೂರಾರು ಒಂದುಗಳ ನಡುವೆ ಒಂಟಿ ಎರಡು ಏರಿತು. ಥಾವೋ ಟೀಚರ್ ಮಾತು ನಿಂತಿತು. ಕನ್ನಡಕ ಸರಿಮಾಡಿಕೊಂಡರು. ಆಚೆ ಯಾರನ್ನೋ ಕರೆದು, "ಸಿಸ್ಟಂ ಕೆಟ್ಟಿದೆ ಅನ್ಸುತ್ತೆ, ಎರಡು ಬರ್ತಿದೆ" ಎಂದರು. ನಲವತ್ತು ಶಾಲೆಯಲ್ಲಿ ಪಾಠ ನಿಂತಿತು. ಪರದೆ ಆರಿಸಿ ಮತ್ತೆ ಹಚ್ಚಿದರು.

ಅಷ್ಟರಲ್ಲಿ ಹೆಡ್ಮಾಸ್ಟರ್ ಖ್ವಾಂಗ್ ಸ್ಕ್ರೂಡ್ರೈವರ್ ಹಿಡಿದು ಓಡಿಬಂದರು. ಗ್ವೇಯಾಂಗಿನಿಂದ ಫೋನು ಬಂದಿತ್ತಂತೆ: ನಿಮ್ಮ ಹದಿನೈದನೇ ಟ್ಯಾಬು ಕೆಟ್ಟಿದೆ. ಅವರು ಒಂದು ಒತ್ತಿ ನೋಡಿದರು, ಒಂದು ಬಂತು. ಎರಡು ಒತ್ತಿದರು, ಎರಡು ಬಂತು.

"ಸರಿಯಾಗೇ ಇದೆಯಲ್ಲ! ಮತ್ತೆ ಎರಡು ಯಾಕೆ ಬಂತು?"

"ನಾನು ಒತ್ತಿದೆ ಸರ್. ಅರ್ಥ ಆಗ್ಲಿಲ್ಲ."

"ನೀನು ಇಲ್ಲಿ ಸ್ಟೂಡೆಂಟ್ ಅಲ್ಲಮ್ಮ!"

"ಅರ್ಥ ಆಗದೆ ಇರೋಕೂ ಸ್ಟೂಡೆಂಟೇ ಆಗ್ಬೇಕಾ ಸರ್?"

ಅವರು ಸ್ಕ್ರೂಡ್ರೈವರನ್ನು ಒಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಎಲ್ಲಿ ತಿರುಗಿಸಬೇಕೋ ತಿಳಿಯದವರ ಹಾಗೆ ಹೊರಟುಹೋದರು.

ಅಕ್ಟೋಬರ್ 13, ಶುಕ್ರವಾರ

ನನಗೆ ಹೆಸರು ಬಿದ್ದಿದೆ. ನಮ್ಮ ಕಡೆ 'ಎರಡು' ಅಂದರೆ ಪೆದ್ದು ಅಂತಲೂ ಅರ್ಥ. ಯಾರಾದರೂ ಗೋಡೆಗೆ ಹಾಯ್ದುಕೊಂಡರೆ "ಎಂಥ ಎರಡಪ್ಪಾ ಇವನು" ಎನ್ನುತ್ತೇವೆ. ಯಾರೂ ಎರಡು ಒತ್ತದಿರುವುದು ಅದಕ್ಕೇ. ನಲವತ್ತು ಶಾಲೆಯೆದುರು ನಾನು ಪೆದ್ದು ಎಂದು ಯಾರು ಸಾರಿಕೊಳ್ಳುತ್ತಾರೆ? ಮತ್ತೆ ಎರಡನೇ ಅಕ್ಕನನ್ನು ಎಲ್ಲ ಮನೆಯಲ್ಲೂ ಎರಡಕ್ಕ ಎಂದೇ ಕರೆಯುವುದು. ಮಕ್ಕಳಿಗೆ ಎರಡೂ ಒಂದೇ ಏಟಿಗೆ ಸಿಕ್ಕಿತು.

"ನಮಸ್ಕಾರ ಎರಡಕ್ಕ!" ಎಂದು ಲುಂಗ್ ಖೈ ಸೊಂಟ ಬಗ್ಗಿಸಿದ.

"ಲೋ, ನಾನು ನಮ್ಮನೇಲಿ ದೊಡ್ಡೋಳು."

"ಅಯ್ಯೋ ಗೊತ್ತು ಬಿಡಕ್ಕ. ಅದಕ್ಕೇ ಅಂದಿದ್ದು."

ಬೈಯಬೇಕೆಂದಿದ್ದೆ, ನಗು ಬಂತು. ಮಾತಿನೇಟು ಚೆನ್ನಾಗಿ ಹೊಡೆದ.

ಅಕ್ಟೋಬರ್ 24, ಮಂಗಳವಾರ

ಪ್ರಮಾಣ ಅರವತ್ತೆರಡು. ನಲವತ್ತು ಶಾಲೆಯಲ್ಲಿ ನಮ್ಮದು ನಲವತ್ತನೆಯದು.

ತಪ್ಪು ನನ್ನದಲ್ಲ. ನಾನು ಮಕ್ಕಳಿಗೆ ಎರಡು ಒತ್ತಿ ಎಂದು ಹೇಳಿಲ್ಲ. ನಾನೇ ದಿನಕ್ಕೆ ಮೂರು ಸಲ ಒತ್ತುತ್ತೇನೆ, ನನಗೇನೂ ಆಗಿಲ್ಲ, ಅದನ್ನು ಅವರು ನೋಡಿದರು. ಮೊದಲು ಲುಂಗ್ ಖೈ ತಮಾಷೆಗೆ ಒತ್ತಿದ. ಥಾವೋ ಟೀಚರ್ ಈಗ ಸಿಸ್ಟಂ ಆರಿಸುವುದಿಲ್ಲ. "ಹ್ವಾಂಗ್‌ನಿಯವರಿಗೆ ಇನ್ನೊಂದು ಸಲ ಹೇಳ್ತೀನಿ" ಎಂದು ಶುರುಮಾಡಿದ್ದಾರೆ. ಲುಂಗ್ ಖೈ ಬೆರಗಾದ. "ಅಕ್ಕ, ಒತ್ತಿದ್ರೆ ನಿಜವಾಗ್ಲೂ ಮತ್ತೆ ಹೇಳ್ತಾರೆ!" ಅಂಗಡಿಯ ಗಂಟೆ ಬಾರಿಸಿದರೆ ಮುದುಕಿ ಹೊರಗೆ ಬರುತ್ತಾಳೆ ಎಂದು ಕಂಡುಹಿಡಿದವನ ಹಾಗೆ. ಈಗ ದಿನವಿಡೀ ಗಂಟೆ ಬಾರಿಸುತ್ತಾರೆ.

ಚಿಕ್ಕಮ್ಮ ಊಟಕ್ಕೆ ಕೂತಾಗ ಹುಳಿಸೂಪಿನ ಪಾತ್ರೆಯನ್ನು ನನ್ನಿಂದ ದೂರ ಎಳೆದುಕೊಂಡಳು.

"ಮೊದಲು ನೂರಿತ್ತು. ನೀನು ಬಂದ ಮೇಲೆ ಅರವತ್ತೆರಡು. ಏನು ಮಾಡ್ದೆ ಮಾರಾಯ್ತಿ?"

"ಆ ನೂರು ಸುಳ್ಳು ಚಿಕ್ಕಮ್ಮ."

"ಸುಳ್ಳೋ ನಿಜವೋ, ನೂರು ನೂರೇ. ಚೀಟಿ ಬೇಡ್ವಾ ನಿಂಗೆ?"

ಬೇಕು. ಸುಳ್ಳು ಒಂದು ಒತ್ತಿಸಲಾರೆ. ಹಾಗಾದರೆ ಉಳಿದದ್ದು ಒಂದೇ ದಾರಿ, ಅವರಿಗೆ ನಿಜವಾಗಿಯೂ ಅರ್ಥವಾಗಬೇಕು. ಎಂಥ ಪೀಡೆ.

ನವೆಂಬರ್ 6, ಸೋಮವಾರ

ಚೀಟಿ ಹುಡುಕಿದೆ. ಕಪಾಟು, ಅಕ್ಕಿ ಡಬ್ಬ, ಚಿಕ್ಕಪ್ಪನ ಚಳಿಗಾಲದ ಬೂಟು. ಚಿಕ್ಕಪ್ಪ ವರ್ಷದಲ್ಲಿ ಹತ್ತು ತಿಂಗಳು ಕಟ್ಟಡದ ಕೆಲಸಕ್ಕೆ ಹೊರಗಿರುತ್ತಾನೆ, ಬೂಟಿನಲ್ಲಿ ಇಲಿ ಮರಿ ಹಾಕಿತ್ತು. ಚೀಟಿ ಇಲ್ಲ.

ಥಾವೋ ಟೀಚರ್ ಹೇಳಿದ್ದರಲ್ಲಿ ತಿಳಿಯದೆ ಉಳಿದದ್ದನ್ನು ಪಾಠ ಮುಗಿದ ಮೇಲೆ ನಾವು ಮತ್ತೆ ಮಾಡುತ್ತೇವೆ. 'ನಾವು' ಎಂದೆ, ಏಕೆಂದರೆ ನನಗೂ ತಿಳಿದಿರುವುದಿಲ್ಲ. ಮೊದಲು ಯಾರಿಗೆ ಹೊಳೆಯುತ್ತದೋ ಅವರು ಉಳಿದವರಿಗೆ ಹೇಳಬೇಕು. ಇವತ್ತು ಲುಂಗ್ ಖೈಗೆ ಹೊಳೆಯಿತು. ಅವನು ಕುರ್ಚಿಯ ಮೇಲೆ ಹತ್ತಿ ವಿವರಿಸಿದ. ಇಳಿಯಲು ಒಪ್ಪಲಿಲ್ಲ.

ಇದೆಲ್ಲ ಚೀಟಿಗಾಗಿ ಮಾತ್ರ.

ನವೆಂಬರ್ 21, ಮಂಗಳವಾರ

a ಮತ್ತು b ಕೂಡಿಸಿ ವರ್ಗ ಮಾಡಿದರೆ ಎಷ್ಟು? ಹದಿನಾಲ್ಕು ಮಕ್ಕಳೂ ನಾನೂ ಒಂದೇ ಉತ್ತರ ಬರೆದೆವು: a ವರ್ಗ, b ವರ್ಗ, ಕೂಡಿಸಿದರಾಯಿತು. ಥಾವೋ ಟೀಚರ್ ತಪ್ಪು ಎಂದರು, ನಡುವೆ 2ab ಬರುತ್ತದೆ ಎಂದರು. ಎಲ್ಲಿಂದ ಬರುತ್ತದೆ? ಹೆಚ್ಚು ಕಡಿಮೆ ಎಲ್ಲರೂ ಎರಡು ಒತ್ತಿದೆವು. ಅವರು ಮತ್ತೆ ಹೇಳಿದರು. ಮತ್ತೆ ಎರಡು. ಪಾಪ, ಸಮಯ ಮುಗಿದು ಪರದೆ ಆರಿತು.

ಮಧ್ಯಾಹ್ನ ಚಿಕ್ಕಮ್ಮ ರಾತ್ರಿಯ ಅಡಿಗೆಗೆಂದು ಕೊಂಡಿಟ್ಟಿದ್ದ ತೋಫು ಎದುರಿಗಿತ್ತು, ಚೌಕಾಕಾರ. ಚಾಕು ಹಿಡಿದು ಸುಮ್ಮನೆ ನೋಡುತ್ತ ನಿಂತೆ. ಆಮೇಲೆ ತೋಫು ಎತ್ತಿಕೊಂಡು ಶಾಲೆಗೆ ಓಡಿದೆ.

"ಇದರ ಒಂದು ಬದಿ a ಕೂಡಿಸು b. ಸರೀನಾ?" ಉದ್ದಕ್ಕೊಂದು ಕೊಯ್ತ, ಅಡ್ಡಕ್ಕೊಂದು ಕೊಯ್ತ. ನಾಲ್ಕು ತುಂಡಾಯಿತು. ದೊಡ್ಡ ಚೌಕ a ವರ್ಗ, ಚಿಕ್ಕ ಚೌಕ b ವರ್ಗ.

"ಮತ್ತೆ ಈ ಎರಡು ಉದ್ದ ತುಂಡು?" ಎಂದು ಲುಂಗ್ ಖೈ ಕೇಳಿದ.

"ಒಂದೊಂದೂ a ಉದ್ದ, b ಅಗಲ. ಅದನ್ನೇ ನಾವು ಬೆಳಿಗ್ಗೆ ಉತ್ತರದಲ್ಲಿ ತಿಂದುಹಾಕಿದ್ದು."

ಮುಂದಿನ ಬೆಂಚಿನ ವು ಜು, ಆರು ವಾರದಿಂದ ನನ್ನೊಡನೆ ಒಂದು ಮಾತೂ ಆಡದ ಹುಡುಗಿ, ಉದ್ದ ತುಂಡುಗಳನ್ನು ಬೆರಳಿನಿಂದ ಮುಟ್ಟಿ "ಒಂದು, ಎರಡು" ಎಂದಳು. ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡಳು.

ಲುಂಗ್ ಖೈ a ವರ್ಗವನ್ನು ಮೆಣಸಿನಪುಡಿ ಹಚ್ಚಿ ತಿಂದ. ರಾತ್ರಿ ಹುಳಿಸೂಪಿನಲ್ಲಿ ತೋಫು ಇರಲಿಲ್ಲ. ಯಾಕೆ ಎಂದು ಚಿಕ್ಕಮ್ಮ ಕೇಳಿದಳು, ನಾನು ನಿಜ ಹೇಳಿದೆ. ಅವಳು ಸೌಟು ಕೆಳಗಿಟ್ಟು, "ನಂಗೆ ಒಂದ್ಸಲ ತೋರ್ಸು. ಮೂವತ್ತು ವರ್ಷದಿಂದ ಆ ಎರಡು ಎಲ್ಲಿಂದ ಬರುತ್ತೆ ಅಂತ ಗೊತ್ತಾಗಿಲ್ಲ ನಂಗೆ" ಎಂದಳು. ಮೂಲಂಗಿಯಲ್ಲಿ ತೋರಿಸಿದೆ.

ನವೆಂಬರ್ 22, ಬುಧವಾರ

ಪ್ರಮಾಣ ಎಂಬತ್ತೆಂಟು. ನಿಜವಾದ ಎಂಬತ್ತೆಂಟು.

ಡಿಸೆಂಬರ್ 3, ಭಾನುವಾರ

ಚೀಟಿ ಸಿಕ್ಕಿತು.

ಊಟಕ್ಕೆ ಹುಳಿ ಮೆಣಸು ತೆಗೆಯಲು ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದೆ. ತಳದಲ್ಲಿ ಮೂರು ಸುತ್ತು ಪ್ಲಾಸ್ಟಿಕ್ಕು, ಒಳಗೆ ನಾನು, ಫೋಟೋದಲ್ಲಿ ಕಳ್ಳಿಯ ಮುಖ. ಚಿಕ್ಕಮ್ಮ ಸಂತೆಗೆ ಹೋಗಿದ್ದಳು. ಬಸ್ಸಿಗೆ ಒಂದು ಗಂಟೆ ಇತ್ತು. ಚೀಲ ತುಂಬುವುದಕ್ಕೆ ಹತ್ತು ನಿಮಿಷ ಸಾಕು.

ಆದರೆ ಭಾನುವಾರ ರೈಲಿನಲ್ಲಿ ನೂಕುನುಗ್ಗಲು. ಅದೂ ಅಲ್ಲದೆ ತಲೆಗೆ ನೀರು ಹಾಕಿಕೊಂಡಿದ್ದೆ, ಕೂದಲು ಒಣಗಿರಲಿಲ್ಲ. ನಾಳೆ ಬೇರೆ ಭಿನ್ನರಾಶಿ ಶುರು. ಚೀಟಿಯನ್ನು ಮತ್ತೆ ಮೂರು ಸುತ್ತು ಸುತ್ತಿ ತಳಕ್ಕೆ ಇಟ್ಟೆ. ಎಲ್ಲಿದೆ ಎಂದು ಗೊತ್ತಾಯಿತಲ್ಲ, ಯಾವಾಗ ಬೇಕಾದರೂ ತೆಗೆಯಬಹುದು.

ಡಿಸೆಂಬರ್ 8, ಶುಕ್ರವಾರ

ಚೀಟಿ ಸಿಕ್ಕಿದರೂ ನಾನು ಹೊರಡಲಿಲ್ಲವೆಂದು ಫಾಂಗ್ ಸಿಟ್ಟಾಗಿದ್ದಾಳೆ. "ಬರ್ತೀಯೋ ಇಲ್ವೋ? ಮೇಲಿನ ಮಂಚ ಎಷ್ಟು ದಿನ ಅಂತ ಕಾಯ್ಲಿ?" ಈ ವಾರ ಆಗುವುದಿಲ್ಲ, ಬೂಟಿನ ಅಟ್ಟೆ ಕಿತ್ತಿದೆ ಎಂದೆ. ನಿಜವಾಗಿಯೂ ಕಿತ್ತಿದೆ.

ಡಿಸೆಂಬರ್ 14, ಗುರುವಾರ

ಇವತ್ತು ವು ಜುವಿನ ಟ್ಯಾಬಿನಿಂದ ಒಂದು ಬಂತು. ಅವಳ ಬೆಂಚು ಖಾಲಿ ಇತ್ತು.

ಲುಂಗ್ ಖೈಯನ್ನು ನೋಡಿದೆ. ಅವನು ಸೂರು ನೋಡಿದ. "ಅವಳೇ ಹೇಳಿದ್ದು ಅಕ್ಕ. ಹೊಟ್ಟೆನೋವಂತೆ, ಒತ್ತಿಬಿಡು ಅಂದ್ಲು. ತಿನ್ನೋಕೆ ಒಂದು ಪ್ಯಾಕೆಟ್ ಖಾರದ ಪಟ್ಟಿ ಕೊಟ್ಲು."

ಎಲ್ಲಿ ಹುಡುಕಬೇಕೆಂದು ಯಾರನ್ನೂ ಕೇಳಲಿಲ್ಲ. ಶೌಚಾಲಯದ ಹಿಂದೆ ಹೋದೆ. ಗೋಡೆಗೆ ಒರಗಿ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಎಲ್ಲ ಶಾಲೆಗಳಲ್ಲೂ ಈ ಜಾಗಕ್ಕೆ ಒಂದೇ ವಾಸನೆ.

"ನೀನು ಯಾವಾಗ್ಲೂ ಎಲ್ಲರಿಗಿಂತ ಮೊದ್ಲು ಒಂದು ಒತ್ತೋದು ಯಾಕೆ?" ಎಂದು ಕೇಳಿದೆ.

"ಬೇಗ ಒತ್ತಿದ್ರೆ ಯಾರೂ ನನ್ನ ಕಡೆ ನೋಡಲ್ಲ ಅಕ್ಕ."

"ತೋಫು ದಿನ ಅರ್ಥ ಆಗಿತ್ತಲ್ಲ?"

"ಅದೊಂದೇ ಆಗಿದ್ದು." ಕಡ್ಡಿಯಿಂದ ನೆಲ ಗೀರುತ್ತ, "ನೀನು ಎರಡು ಒತ್ತಿದ್ರೆ ಎಲ್ಲರೂ ನಗ್ತಾರೆ. ನಿಂಗೆ ಪರವಾಗಿಲ್ಲ, ನೀನು ಹೋಗೋಳು. ನಾನು ಇಲ್ಲೇ ಇರ್ಬೇಕು" ಎಂದಳು.

ಸಮಾಧಾನದ ಮಾತುಗಳೆಲ್ಲ ಸುಳ್ಳಿನ ಹಾಗೆ ಕಂಡವು. ಊರಲ್ಲಿ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದೆ: ನಾನೂ ಹೀಗೇ ಒಂದು ಶೌಚಾಲಯದ ಹಿಂದೆ ಒಂದು ವರ್ಷ ಕಳೆದವಳು, ಯಾವ ಮೇಷ್ಟ್ರ ಜೊತೆಯೂ ಜಗಳವಾಡಿಲ್ಲ. ಅವಳು ತುಂಬ ನಿರಾಸೆಯಿಂದ ನನ್ನನ್ನು ನೋಡಿದಳು.

"ಮೇಷ್ಟ್ರಿಗೆ ಕುರ್ಚಿ ಎಸೆದೆ ಅಂತ ಹೇಳ್ತಿದ್ರು."

"ಕುರ್ಚಿನಾ?! ಯಾರು ಹೇಳಿದ್ದು?"

"ಎಲ್ಲರೂ."

ಗಂಟೆ ಬಾರಿಸುವವರೆಗೆ ನೆಲದ ಮೇಲೆ ಕಡ್ಡಿಯಲ್ಲಿ ಭಿನ್ನರಾಶಿ ಮಾಡಿದೆವು.

ಡಿಸೆಂಬರ್ 19, ಮಂಗಳವಾರ

ತಪಾಸಣೆ ಇತ್ತು. ಕೌಂಟಿಯ ಶಿಕ್ಷಣ ಕಚೇರಿಯಿಂದ ದಪ್ಪ ಕೋಟು ಹಾಕಿಕೊಂಡ ಅಧಿಕಾರಿ ಬಂದರು. ಹೆಡ್ಮಾಸ್ಟರ್ ಖ್ವಾಂಗ್ ಬೆಳಿಗ್ಗೆಯೇ ಮಕ್ಕಳ ಮುಂದೆ ನಿಂತರು, ಕೈಮುಗಿಯುವುದೊಂದು ಬಾಕಿ.

"ಇವತ್ತೊಂದು ದಿನ. ಒಂದು, ಬರೀ ಒಂದು. ನಾಳೆಯಿಂದ ನೀವು ಇಪ್ಪತ್ತೇಳು ಬೇಕಾದ್ರೂ ಒತ್ತಿ!"

ನನ್ನ ಕಡೆ ತಿರುಗಿ, "ನಿನ್ನ ಟ್ಯಾಬು ಇಲ್ಲಿ ಕೊಡಮ್ಮ" ಎಂದರು. ನನ್ನ ಹದಿನೈದನೇ ಟ್ಯಾಬನ್ನು ಗೌರವದಿಂದ ಅಧಿಕಾರಿಯ ಕೈಗೆ ಕೊಟ್ಟರು. ಅತಿಥಿಯೂ ಪಾಠದಲ್ಲಿ ಭಾಗವಹಿಸಿದ ಹಾಗಾಯಿತು, ನನ್ನ ಕಾಟವೂ ತಪ್ಪಿತು. ಬುದ್ಧಿವಂತರು. ನಾನು ಗೋಡೆಗೆ ಒರಗಿ ನಿಂತೆ.

ಛೇದದಲ್ಲಿ x ಇರುವ ಭಿನ್ನರಾಶಿಯ ಪಾಠ. ಉತ್ತರ ಬಂದ ಮೇಲೂ ಅದನ್ನು ಮತ್ತೆ ಹಾಕಿ ನೋಡಬೇಕು, ಕೆಲವು ಉತ್ತರಗಳು ಕಳ್ಳ ಉತ್ತರಗಳು ಎಂದು ಥಾವೋ ಟೀಚರ್ ಹೇಳಿದರು. "ಅರ್ಥ ಆದವರು ಒಂದು, ಆಗದವರು ಎರಡು." ನಮ್ಮ ಪರದೆಯ ಮೂಲೆಯಲ್ಲಿ ಹ್ವಾಂಗ್‌ನಿಯ ಲೆಕ್ಕ ಏರಿತು. ಒಂದು, ಒಂದು, ಒಂದು. ಹೆಡ್ಮಾಸ್ಟರರ ಭುಜ ಇಳಿಯಿತು. ವು ಜು ಇನ್ನೂ ಒತ್ತಿರಲಿಲ್ಲ. ಅವಳು ಕೊನೆಗೆ ಉಳಿದದ್ದನ್ನು ನಾನು ಇದುವರೆಗೆ ಕಂಡಿಲ್ಲ. ಅವಳ ಕಿವಿ ಕೆಂಪಾಗಿತ್ತು.

ಎರಡು.

ಒಂದು ಉಸಿರಿನ ಬಳಿಕ ಇನ್ನೊಂದು ಎರಡು.

ಹೆಡ್ಮಾಸ್ಟರ್ ನನ್ನತ್ತ ತಿರುಗಿ ಕಣ್ಣು ಕೆಕ್ಕರಿಸಿದರು. ನಾನು ಖಾಲಿ ಕೈ ಎರಡನ್ನೂ ಮೇಲೆತ್ತಿ ತೋರಿಸಿದೆ. ಅವರು ಬೆಂಚು ಬೆಂಚು ನೋಡುತ್ತ ಬಂದರು. ಲುಂಗ್ ಖೈ ಎದೆ ತಟ್ಟಿಕೊಂಡು, "ನಂದು ಒಂದು ಸರ್, ಅಪ್ಪನ ಆಣೆ!" ಎಂದ. ಹಾಗೇ ನೋಡುತ್ತ ನೋಡುತ್ತ ಅವರ ಕಣ್ಣು ದಪ್ಪ ಕೋಟಿನ ಮೇಲೆ ಬಂದು ನಿಂತಿತು. ಅಧಿಕಾರಿ ಟ್ಯಾಬನ್ನು ಎದೆಗೆ ಒತ್ತಿಕೊಂಡು ಕಿಟಕಿಯಾಚೆಯ ಬೆಟ್ಟವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ತರಗತಿಯಲ್ಲಿ ಎಲ್ಲರಿಗೂ ಗೊತ್ತಾಯಿತು. ಎಲ್ಲರೂ ಸೂರು ನೋಡಿದೆವು.

"ಹ್ವಾಂಗ್‌ನಿಯಲ್ಲಿ ಇಬ್ಬರಿಗೆ ಆಗಿಲ್ಲ" ಎಂದು ಪರದೆಯಿಂದ ಥಾವೋ ಟೀಚರ್ ಅಂದರು. "ಒಳ್ಳೇದು. ಬೇರೆ ಥರ ಹೇಳ್ತೀನಿ." ಹೇಳಿದರು. ನಿಧಾನವಾಗಿ, ಉದಾಹರಣೆ ಬದಲಿಸಿ, ಕಳ್ಳ ಉತ್ತರವನ್ನು ಕೈಹಿಡಿದು ಛೇದದವರೆಗೆ ನಡೆಸಿಕೊಂಡು ಹೋಗಿ, ಅಲ್ಲಿ ಸೊನ್ನೆಯಾಗುವುದನ್ನು ತೋರಿಸಿದರು.

"ಓಹೋ!" ಎಂದು ಜೋರಾಗಿ ಕೇಳಿಸಿತು. ವು ಜು ಅಲ್ಲ, ಅಧಿಕಾರಿ. ಆಮೇಲೆ ಅವರು ಕೆಮ್ಮಿದರು.

ವು ಜು ಒಂದು ಒತ್ತಿದಳು. ಈ ಸಲ ನಿಧಾನವಾಗಿ. ಯಾರೂ ಅವಳನ್ನು ನೋಡಿ ನಗಲಿಲ್ಲ. ನಗಬೇಕೆಂದಿದ್ದರೆ ಮೊದಲು ಅಧಿಕಾರಿಯನ್ನು ನೋಡಿ ನಗಬೇಕಾಗುತ್ತಿತ್ತು.

ಡಿಸೆಂಬರ್ 20, ಬುಧವಾರ

ಅಧಿಕಾರಿ ಹೋಗುವಾಗ ಹೆಡ್ಮಾಸ್ಟರರಿಗೆ ಹೇಳಿದ್ದು ಇಷ್ಟಂತೆ: "ನಿಮ್ಮ ಟ್ಯಾಬುಗಳು ಚೆನ್ನಾಗಿ ಕೆಲಸ ಮಾಡ್ತಿವೆ." ಹೊಗಳಿದರೋ ತೆಗಳಿದರೋ ತಿಳಿಯದೆ ಅವರು ಇವತ್ತಿಡೀ ಸ್ಕ್ರೂಡ್ರೈವರ್ ಹಿಡಿದು ಓಡಾಡುತ್ತಿದ್ದರು.

ಮಕ್ಕಳು ಈಗ ಲುಂಗ್ ಖೈಯನ್ನು ಎರಡಣ್ಣ, ವು ಜುವನ್ನು ಎರಡು ತಂಗಿ ಎನ್ನುತ್ತಾರೆ. ಅಧಿಕಾರಿಗೂ ಒಂದು ಹೆಸರಿಟ್ಟಿದ್ದಾರೆ. ಇಲ್ಲಿ ಬರೆಯುವಂತಿಲ್ಲ.

ಜನವರಿ 18, ಗುರುವಾರ

ಟರ್ಮು ಮುಗಿಯಿತು. ತರಗತಿಯ ಪ್ರಮಾಣ ಎಂಬತ್ತೊಂದು. ತೊಂಬತ್ತಕ್ಕೆ ಒಂಬತ್ತು ಕಡಿಮೆ. ನಾನೇ ಚಿಕ್ಕಮ್ಮನಿಗೆ ಹೇಳಿದೆ.

ಅವಳು ಮಾತಾಡದೆ ಜಾಡಿಯ ಮುಚ್ಚಳ ತೆಗೆದು, ತೋಳು ಮೇಲೇರಿಸಿ, ತಳದಿಂದ ಚೀಟಿ ಎತ್ತಿ ಮೇಜಿನ ಮೇಲಿಟ್ಟಳು. ಹುಳಿ ವಾಸನೆ ಇಡೀ ಕೋಣೆಗೆ.

"ಒಪ್ಪಂದ ಮುರಿದಿದೆ ಚಿಕ್ಕಮ್ಮ. ಎಂಬತ್ತೊಂದು."

"ನೋಡ್ದೆ."

ಮುಚ್ಚಿಡಬಾರದಲ್ಲ. "ಅದು ಜಾಡೀಲಿದೆ ಅಂತ ನಂಗೆ ಡಿಸೆಂಬರಲ್ಲೇ ಗೊತ್ತಿತ್ತು."

"ನಿಂಗೆ ಗೊತ್ತಿದೆ ಅಂತ ನಂಗೂ ಗೊತ್ತಿತ್ತು. ನಾನು ಸುತ್ತಿದ್ದು ಎಡಕ್ಕೆ, ನೀನು ಸುತ್ತಿಟ್ಟಿದ್ದು ಬಲಕ್ಕೆ." ಅವಳು ಕೈ ಒರೆಸಿಕೊಂಡಳು. "ಮತ್ಯಾಕೆ ಹೋಗ್ಲಿಲ್ಲ?"

"ಕೂದಲು ಒದ್ದೆ ಇತ್ತು."

"ಒಂದೂವರೆ ತಿಂಗಳು?"

ಬೂಟಿನ ಅಟ್ಟೆಯ ವಿಷಯವನ್ನೂ ಹೇಳಿದೆ. ಅವಳು ನಗುತ್ತ ನಗುತ್ತ ಕಣ್ಣಿಗೆ ಮೆಣಸಿನ ಕೈ ತಗಲಿಸಿಕೊಂಡು ಕುಣಿದಾಡಿದಳು. ನಗುವಂಥದ್ದು ಏನಿತ್ತೋ ಗೊತ್ತಾಗಲಿಲ್ಲ.

ಫೆಬ್ರವರಿ 21, ಬುಧವಾರ

ಕೌಂಟಿ ಪಟ್ಟಣದ ಹೈಸ್ಕೂಲಿಗೆ ಹೋಗಿದ್ದೆ. ಬಿಟ್ಟುಹೋದವರನ್ನು ಮತ್ತೆ ಸೇರಿಸಿಕೊಳ್ಳಲು ಸಣ್ಣ ಪರೀಕ್ಷೆ ಇಡುತ್ತಾರೆ. ಸುಮ್ಮನೆ ನೋಡೋಣ ಅಂತ ಹೋದದ್ದು, ರೈಲು ನಿಲ್ದಾಣದ ಬಸ್ಸು ಹೇಗೂ ಆ ದಾರಿಯಲ್ಲೇ ಹೋಗುತ್ತದೆ. ಬಾಗಿಲಲ್ಲಿ ಚೀಟಿ ತೋರಿಸಿದೆ. ಕಾವಲಿನ ಅಜ್ಜ ಮೂಸಿ ನೋಡಿ, "ಊಟ ತಂದಿದೀಯಾ ಮಗ?" ಎಂದ.

ಗೊತ್ತಿದ್ದದ್ದಕ್ಕೆ ಉತ್ತರ ಬರೆದೆ. ಗೊತ್ತಿಲ್ಲದ ಕಡೆ ಖಾಲಿ ಬಿಡಲು ಮನಸ್ಸಾಗಲಿಲ್ಲ, ಒಂದೊಂದರ ಪಕ್ಕದಲ್ಲೂ 2 ಎಂದು ಬರೆದೆ. ಕಾಗದ ತೆಗೆದುಕೊಂಡ ಟೀಚರ್ ತುಂಬ ಹೊತ್ತು ನೋಡಿದರು.

"ಇದೇನು, ಇಷ್ಟೊಂದು ಲೆಕ್ಕಕ್ಕೆ ಎರಡೇ ಉತ್ತರ?"

"ಉತ್ತರ ಅಲ್ಲ ಸರ್. ಅರ್ಥ ಆಗಿಲ್ಲ ಅಂತ."

ಅವರು ಎಣಿಸಿದರು. "ಬಹಳ ಇವೆಯಲ್ಲಮ್ಮ."

"ಇನ್ನೊಂದ್ಸಲ ಹೇಳಿಕೊಟ್ರೆ ಕಡಿಮೆ ಆಗ್ತವೆ ಸರ್."

ಹತ್ತನೇ ತರಗತಿಗೆ ಸೇರಿಸಿಕೊಂಡಿದ್ದಾರೆ, ನನಗಿಂತ ಮೂರು ವರ್ಷ ಚಿಕ್ಕವರ ಜೊತೆ. ಹಾಸ್ಟೆಲಿನಲ್ಲಿ ಮೇಲಿನ ಮಂಚ ಖಾಲಿ ಇದೆಯಂತೆ. ಫಾಂಗ್‌ಗೆ ಹೇಳಿದೆ. "ಹಾಳಾಗಿ ಹೋಗು" ಎಂದಳು. ಆಮೇಲೆ, ಬೇಸಿಗೆ ರಜೆಯಲ್ಲಾದರೂ ಬಾ ಎಂದಳು.

ಫೆಬ್ರವರಿ 24, ಶನಿವಾರ

ವು ಜು ಮನೆಗೆ ಬಂದಿದ್ದಳು. ಸೋಮವಾರದಿಂದ ಪರದೆ ಹಚ್ಚುವವಳು ಹೆರಿಗೆ ಮುಗಿಸಿ ಬರುತ್ತಾಳೆ. ಹದಿನೈದನೇ ಟ್ಯಾಬು ಏನಾಗುತ್ತದೆ ಎಂದು ಕೇಳಿದಳು. ಅವಳಿಗೇ ಕೊಡುತ್ತಾರೆ ಎಂದೆ. "ಅವಳು ಎರಡು ಒತ್ತುತ್ತಾಳಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ಒತ್ತದೇ ಇದ್ರೆ ನಾನು ಹೇಳಿಕೊಡ್ತೀನಿ" ಎಂದು ಹೇಳಿ, ಲುಂಗ್ ಖೈ ಕಳಿಸಿದ್ದ ಖಾರದ ಪಟ್ಟಿಯ ಪ್ಯಾಕೆಟ್ಟು ಮೇಜಿನ ಮೇಲಿಟ್ಟಳು. ಪ್ಯಾಕೆಟ್ಟು ಬಿಚ್ಚಿತ್ತು, ಅರ್ಧ ಇತ್ತು.

ಚಿಕ್ಕಮ್ಮ ಹುಳಿ ಮೆಣಸಿನ ಒಂದು ಚಿಕ್ಕ ಜಾಡಿ ಕಟ್ಟಿಕೊಟ್ಟಿದ್ದಾಳೆ. ಬೂಟಿನ ಅಟ್ಟೆಗೆ ಅಂಟು ಹಾಕಿಸಿದ್ದಾಯಿತು. ಚೀಟಿ ಜೇಬಿನಲ್ಲಿದೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.